ಎದೆಬಡಿತದ ಚಿಕಿತ್ಸೆ, ನೆನಪಿನ ಚಿಂತೆ: ಮಾತ್ರೆಯೋ, ಶಾಕೋ, ಅಬ್ಲೇಷನ್ನೋ?

ಅಮ್ಮನಿಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎದೆಬಡಿತದ ಲಯ ತಪ್ಪುವ ಕಾಯಿಲೆ, ಇದೆ ಎಂದು ಇಸಿಜಿ ತೋರಿಸಿದ ದಿನ ಅವಳು ಹೃದಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. "ತಲೆಗೆ ಏನೂ ಆಗುವುದಿಲ್ಲ ತಾನೇ?" ಎಂದಷ್ಟೇ ಕೇಳಿದಳು. ಡಾಕ್ಟರು ಮಾತ್ರೆ, ಶಾಕ್ (ಎದೆಗೆ ಕ್ಷಣದ ಕರೆಂಟು), ಅಬ್ಲೇಷನ್ (ರಕ್ತನಾಳದ ಮೂಲಕ ಹೃದಯದೊಳಗೆ ಹೋಗಿ ಲಯ ಕೆಡಿಸುವ ಜಾಗಕ್ಕೆ ಬೇಲಿ ಹಾಕುವುದು) ಎಂದು ಮೂರು ದಾರಿ ಹೇಳಿ, ಯೋಚಿಸಿಕೊಂಡು ಬನ್ನಿ ಎಂದು ಕಳುಹಿಸಿದರು. ನಾವು ಮನೆ ಸೇರುವಷ್ಟರಲ್ಲಿ ಸೋದರಮಾವನ ಫೋನು ಬಂದಿತ್ತು. ಅವರ ಬೀಗರೊಬ್ಬರಿಗೆ ಇದೇ ಅಬ್ಲೇಷನ್ ಮಾಡಿಸಿದ ಮೇಲೆ ಸೊಸೆಯ ಹೆಸರೇ ಮರೆತುಹೋಯಿತಂತೆ. ಅಮ್ಮ ಫೋನನ್ನು ಕೆಳಗಿಟ್ಟು, "ನನಗೆ ಮಾತ್ರೆಯೇ ಸಾಕು" ಎಂದಳು.

ಆಮೇಲಿನ ಮೂರು ವಾರದಲ್ಲಿ ನಾನು ಓದಿದ್ದು, ಇಬ್ಬರು ಡಾಕ್ಟರರನ್ನು ಕಾಡಿಸಿ ತಿಳಿದುಕೊಂಡದ್ದು, ಮುಂದೆ ಕಣ್ಣಾರೆ ಕಂಡದ್ದು ಇಲ್ಲಿದೆ. ನಾನು ವೈದ್ಯನಲ್ಲ. ಆದರೆ ಹೃದಯದ ದೃಷ್ಟಿಯಿಂದ ಈ ಚಿಕಿತ್ಸೆಗಳನ್ನು ಹೋಲಿಸಿದ ಬರಹಗಳು ಬೇಕಾದಷ್ಟಿವೆ, ಮಿದುಳಿನ ದೃಷ್ಟಿಯಿಂದ ಹೋಲಿಸಿದ್ದು ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ?

ಹೋಲಿಕೆಯನ್ನು ಇಲ್ಲಿಂದಲೇ ಶುರುಮಾಡಬೇಕು. ಸೋದರಮಾವನಂಥವರು ಅಬ್ಲೇಷನ್ನಿನ ಅಪಾಯವನ್ನು ಹೋಲಿಸುವುದು ಪೂರ್ಣ ಆರೋಗ್ಯದೊಂದಿಗೆ. ನಮ್ಮ ಮುಂದಿದ್ದದ್ದು ಪೂರ್ಣ ಆರೋಗ್ಯವಲ್ಲ, ತಾಳ ತಪ್ಪಿದ ಹೃದಯ.

ಈ ಕಾಯಿಲೆಯಲ್ಲಿ ಹೃದಯದ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಹಿಂಡಿ ಬಿಡುವ ಬದಲು ಸುಮ್ಮನೆ ನಡುಗುತ್ತಿರುತ್ತವೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಒಂದು ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತು ಹೊರಟರೆ ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಸಿಕ್ಕಿಕೊಂಡು ಲಕ್ವ ಹೊಡೆಯಬಹುದು. ಈ ಕಾಯಿಲೆ ಇರುವವರಿಗೆ ಲಕ್ವದ ಅಪಾಯ ಹೆಚ್ಚುಕಡಿಮೆ ಐದು ಪಟ್ಟು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲೇ ಹೇಳಿತ್ತು. ಕೈಕಾಲು ಬೀಳುವಂಥ ದೊಡ್ಡ ಲಕ್ವವಾದರೆ ಎಲ್ಲರಿಗೂ ತಿಳಿಯುತ್ತದೆ. ತಿಳಿಯದೆ ಆಗುವುದೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಈ ಕಾಯಿಲೆಯ 1737 ಜನರ ಮಿದುಳಿನ ಎಂಆರ್‌ಐ ತೆಗೆದು 2019ರಲ್ಲಿ ಪ್ರಕಟಿಸಿದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ದೊಡ್ಡ ಗಾಯದ ಗುರುತುಗಳಿದ್ದವು. ತಮಗೆ ಎಂದೂ ಲಕ್ವ ಆಗಿಲ್ಲ ಎಂದು ನಂಬಿದ್ದವರಲ್ಲೂ ಗುರುತುಗಳಿದ್ದವು, ಗುರುತಿದ್ದವರ ನೆನಪು ಮತ್ತು ಗಮನದ ಪರೀಕ್ಷೆಯ ಅಂಕಗಳು ಕಡಿಮೆಯಿದ್ದವು. ನಮ್ಮ ಕಡೆ "ವಯಸ್ಸಾಯಿತು, ಅರಳುಮರಳು" ಎಂದು ತಳ್ಳಿಹಾಕುವುದರಲ್ಲಿ ಎಷ್ಟು ಪಾಲು ಇಂಥ ಸದ್ದಿಲ್ಲದ ಗಾಯಗಳದ್ದೋ ಎಂದು ಆ ವರದಿ ಓದಿದಾಗ ಅನ್ನಿಸಿತು.

ಹೆಪ್ಪೊಂದೇ ಕಾರಣವಲ್ಲ. ಬಡಿತ ಏರುಪೇರಾದಾಗ ಮಿದುಳಿಗೆ ಹೋಗುವ ರಕ್ತವೂ ಏರುಪೇರಾಗುತ್ತದೆ. ಐಸ್‌ಲ್ಯಾಂಡಿನ ಒಂದು ಸಣ್ಣ ಅಧ್ಯಯನದಲ್ಲಿ, ಶಾಕ್ ಕೊಟ್ಟು ಲಯ ಸರಿಹೋದವರಲ್ಲಿ ಮಿದುಳಿನ ರಕ್ತಸಂಚಾರ ಹೆಚ್ಚಿದ್ದು ಸ್ಕ್ಯಾನಿನಲ್ಲಿ ಕಂಡುಬಂತು.

ರಕ್ತ ತೆಳುವಾಗಿಸುವ ಮಾತ್ರೆ: ಇದು ಆಯ್ಕೆಯ ಪಟ್ಟಿಗೇ ಸೇರುವುದಿಲ್ಲ

ಮಾತ್ರೆ, ಶಾಕ್, ಅಬ್ಲೇಷನ್ ಎಂದು ಸಾಲಾಗಿ ಹೇಳಿದಾಗ ರಕ್ತ ತೆಳುವಾಗಿಸುವ ಮಾತ್ರೆಯೂ ಅವುಗಳಲ್ಲಿ ಒಂದು ಎಂದು ನಾವು ತಿಳಿದುಕೊಂಡಿದ್ದೆವು. ಅಬ್ಲೇಷನ್ ಮಾಡಿಸಿದರೆ ಇದು ತಪ್ಪುತ್ತದೆ ಎಂಬುದು ಅಮ್ಮನ ಲೆಕ್ಕ. ಲೆಕ್ಕದ ಮೇಡಂ ಇಲ್ಲಿ ಎಡವಿದ್ದಳು. ಅಪಾಯದ ಅಂಶಗಳು (ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಆದ ಲಕ್ವ, ಹೃದಯದ ದೌರ್ಬಲ್ಯ) ಇರುವವರಿಗೆ ಯಾವ ದಾರಿ ಹಿಡಿದರೂ ಇದು ಬೇಕು. ಅಬ್ಲೇಷನ್ ಆದ ಮೇಲೂ ಕನಿಷ್ಠ ಎರಡು ತಿಂಗಳು ಎಲ್ಲರಿಗೂ ಬೇಕು. ಅದರಾಚೆ ಯಾರಿಗೆ ನಿಲ್ಲಿಸಬಹುದು ಎಂಬ ಚರ್ಚೆ ಈಗ ವೈದ್ಯರಲ್ಲಿ ಜೋರಾಗಿಯೇ ನಡೆದಿದೆ. ಅದು ಅವರು ತೀರ್ಮಾನಿಸಬೇಕಾದ ವಿಷಯ, ನಾವಾಗಿ ನಿಲ್ಲಿಸುವಂಥದ್ದಲ್ಲ.

ಮಿದುಳನ್ನು ಕಾಯುವುದರಲ್ಲಿ ಈ ಮಾತ್ರೆಗೆ ಇರುವಷ್ಟು ಸಾಕ್ಷ್ಯ ಉಳಿದ ಯಾವ ಚಿಕಿತ್ಸೆಗೂ ಇಲ್ಲ ಎಂಬುದು ನನ್ನ ತಿಳಿವಳಿಕೆ. ಸ್ವೀಡನ್ನಿನಲ್ಲಿ 4.44 ಲಕ್ಷ ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದಾಗ, ಶುರುವಿನಲ್ಲೇ ಈ ಮಾತ್ರೆ ಪಡೆದವರಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಶೇ. 29ರಷ್ಟು ಕಡಿಮೆ ಇತ್ತು. ದಾಖಲೆಗಳನ್ನು ನೋಡಿ ಹೇಳಿದ್ದಾದ್ದರಿಂದ ಒಂದು ಅನುಮಾನ ಉಳಿದೇ ಉಳಿಯುತ್ತದೆ: ಡಾಕ್ಟರರು ಮೊದಲಿನಿಂದ ಗಟ್ಟಿಯಾಗಿದ್ದವರಿಗೇ ಮಾತ್ರೆ ಬರೆದಿರಬಹುದು. ಇನ್ನೊಂದು ತುದಿಯಲ್ಲಿ, ಲಕ್ವದ ಅಪಾಯ ಕಡಿಮೆ ಇರುವ ಚಿಕ್ಕ ವಯಸ್ಸಿನವರಿಗೆ ನೆನಪು ಉಳಿಸಲೆಂದೇ ರಿವರೊಕ್ಸಬಾನ್ ಎಂಬ ಇಂಥದೇ ಮಾತ್ರೆ ಕೊಟ್ಟು ಕೆನಡಾದಲ್ಲಿ ನಡೆಸಿದ ಪ್ರಯೋಗದಲ್ಲಿ ಲಾಭವೇನೂ ಕಾಣಲಿಲ್ಲ, ಮಧ್ಯದಲ್ಲೇ ನಿಲ್ಲಿಸಿದರು. ಅಂದರೆ ಇದು ನೆನಪಿನ ಟಾನಿಕ್ ಅಲ್ಲ, ಹೆಪ್ಪಿನ ಅಪಾಯ ಇರುವವರ ಮದ್ದು.

ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾದವರು ನಮ್ಮಲ್ಲಿ ಇನ್ನೂ ಬಹಳ ಇದ್ದಾರೆ. ಅವರಿಗೆ ಹೊಸ ಮಾತ್ರೆಗಿಂತ ಹಳೆಯ ವಾರ್ಫರಿನ್ ಬಗೆಯ ಮಾತ್ರೆಯೇ ಮೇಲು ಎಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಆಗಾಗ ನೋಡುವ) ಪರೀಕ್ಷೆಯ ರಗಳೆ ಅವರಿಗೆ ತಪ್ಪುವುದಿಲ್ಲ. ಸೊಪ್ಪು ಆ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ, ಹಾಗೆಂದು ಅದನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಒಂದು ವಾರ ದಿನಾ ಬಸ್ಸಾರು, ಮರುವಾರ ಸೊಪ್ಪಿನ ಸುದ್ದಿಯೇ ಇಲ್ಲ ಎಂಬಂತಾಗದೆ ಒಂದೇ ಹದದಲ್ಲಿ ತಿಂದರೆ ಆಯಿತು.

ಬಡಿತ ತಗ್ಗಿಸುವ ಮಾತ್ರೆ, ಲಯ ತಿದ್ದುವ ಮಾತ್ರೆ

ಮಾತ್ರೆಯಲ್ಲೂ ಎರಡು ಬಗೆ. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಲಯವನ್ನು ತಿದ್ದುವುದಿಲ್ಲ, ವೇಗವನ್ನಷ್ಟೇ ಇಳಿಸುತ್ತವೆ. ಅಮಿಯೊಡರೋನ್, ಫ್ಲೆಕೈನೈಡ್, ಸೊಟಲಾಲ್ ಲಯವನ್ನೇ ಸರಿಪಡಿಸಲು ನೋಡುತ್ತವೆ. 2002ರ ಅಫರ್ಮ್ ಅಧ್ಯಯನದಲ್ಲಿ 4060 ಜನರನ್ನು ಈ ಎರಡು ಗುಂಪು ಮಾಡಿ ನೋಡಿದಾಗ ಬದುಕುಳಿಯುವುದರಲ್ಲಿ ಮಾತ್ರೆಯಿಂದ ಲಯ ತಿದ್ದಿದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅವರಲ್ಲಿ ಒಂದಷ್ಟು ಜನರ ನೆನಪಿನ ಪರೀಕ್ಷೆ ನಡೆಸಿದಾಗ ಅಲ್ಲೂ ವ್ಯತ್ಯಾಸ ಸಿಗಲಿಲ್ಲ.

ಆದರೆ "ಮಾತ್ರೆಯಾದರೆ ತಲೆಗೆ ಅಪಾಯವಿಲ್ಲ" ಎಂಬ ಅಮ್ಮನ ಎಣಿಕೆ ಮೆಟೊಪ್ರೊಲಾಲ್ ಶುರುವಾದ ಎರಡನೇ ವಾರಕ್ಕೇ ಸಡಿಲವಾಯಿತು. ಪದಬಂಧ ಎದುರಿಗಿಟ್ಟುಕೊಂಡು ತೂಕಡಿಸುತ್ತಿದ್ದಳು. ಮರೆವಲ್ಲ, ಮಂಕು. ಡೋಸ್ ಇಳಿಸಿದ ಮೇಲೆ ಮಂಕು ಕಡಿಮೆಯಾಯಿತು, ಎದೆಯ ಡವಡವ ವಾಪಸು ಬಂತು. ಡಿಗಾಕ್ಸಿನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂತ್ರಪಿಂಡ ಸೊರಗಿದ ವಯಸ್ಸಾದವರ ಮೈಯಲ್ಲಿ ಅದು ಹೆಚ್ಚಾಗಿ ಉಳಿದುಕೊಂಡರೆ ಗೊಂದಲ, ವಾಕರಿಕೆ, ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುವುದು ಇವೆಲ್ಲ ಬರುತ್ತವೆ. ಅಮಿಯೊಡರೋನಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಯೋಡಿನ್ನೇ ಇರುತ್ತದೆ. ಅದರಿಂದ ಥೈರಾಯ್ಡ್ ಕುಗ್ಗಿದರೆ ಮಾತು, ನಡೆ, ಯೋಚನೆ ಎಲ್ಲವೂ ನಿಧಾನವಾಗುತ್ತವೆ, ಮನೆಯವರು ಡಿಮೆನ್ಷಿಯಾ ಎಂದು ಹೆದರುತ್ತಾರೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ಇದು ಸಕಾಲದಲ್ಲಿ ಸಿಕ್ಕಿಬೀಳುತ್ತದೆ.

ಶಾಕ್

ಹೆಸರಿನಿಂದಲೇ ಜನ ಹೆದರುವುದು ಇದಕ್ಕೆ, ಮಿದುಳಿಗೆ ಹೆಚ್ಚೇನೂ ಮಾಡದಿರುವುದೂ ಇದೇ. ಕೆಲವು ನಿಮಿಷದ ಮಂಪರು, ಎದೆಗೆ ಒಂದು ಕ್ಷಣದ ಕರೆಂಟು, ಸಂಜೆಗೆ ಮನೆ. ಮಾನಸಿಕ ಕಾಯಿಲೆಗೆ ತಲೆಗೆ ಕೊಡುವ ಶಾಕಿಗೂ ಇದಕ್ಕೂ ಸಂಬಂಧವಿಲ್ಲ (ನಮ್ಮ ಪಕ್ಕದ ಮನೆಯವರು ಎರಡನ್ನೂ ಒಂದೇ ಎಂದುಕೊಂಡಿದ್ದರು). ಅಪಾಯ ಇರುವುದು ಮೊದಲೇ ಕೂತಿರುವ ಹೆಪ್ಪು ಆಗ ಕಳಚಿಕೊಂಡರೆ. ಅದಕ್ಕೇ ಮೂರು ವಾರ ಮುಂಚಿನಿಂದ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ ಅಥವಾ ಅನ್ನನಾಳದ ಮೂಲಕ ಎಕೋ ಮಾಡಿ ಹೆಪ್ಪಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೂ ನಾಲ್ಕು ವಾರ ಮಾತ್ರೆ ಇರುತ್ತದೆ. ಇದರ ದೌರ್ಬಲ್ಯವೆಂದರೆ ಬಾಳಿಕೆ. ಎಷ್ಟೋ ಜನರಿಗೆ ಕೆಲವು ತಿಂಗಳಲ್ಲೇ ಹಳೆಯ ಲಯತಪ್ಪು ಮರಳಿ ಬರುತ್ತದೆ. ಅಮ್ಮನಿಗೆ ಶಾಕ್ ಕೊಟ್ಟ ಮೇಲೆ ಸರಿಯಾದ ಲಯ ಬಾಳಿದ್ದು ಹದಿನೇಳೇ ದಿನ.

ಅಬ್ಲೇಷನ್: ಸೋದರಮಾವನ ಮಾತಿನಲ್ಲಿ ಎಷ್ಟು ಸತ್ಯ?

ಸ್ವಲ್ಪ ಇತ್ತು. ಅಷ್ಟನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಈ ಲಯತಪ್ಪಿನ ಕಿಡಿ ಹೆಚ್ಚಾಗಿ ಹೊತ್ತಿಕೊಳ್ಳುವುದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಬಾಯಿಯಲ್ಲಿ ಎಂದು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ತೊಡೆಸಂದಿನ ರಕ್ತನಾಳದಿಂದ ತಂತಿಯಂಥ ಕ್ಯಾತಿಟರನ್ನು ಏರಿಸಿ, ಹೃದಯದ ನಡುಗೋಡೆಯನ್ನು ಚುಚ್ಚಿ ಎಡಕ್ಕೆ ದಾಟಿ, ಆ ಬಾಯಿಗಳ ಸುತ್ತ ಸುಟ್ಟು ಅಥವಾ ಅತಿಶೀತದಿಂದ ಮರಗಟ್ಟಿಸಿ ಬೇಲಿ ಹಾಕುವುದೇ ಅಬ್ಲೇಷನ್. ಹೃದಯದ ಎಡಭಾಗದಿಂದ ಹೊರಟದ್ದು ನೇರ ಮಿದುಳಿಗೆ ಹೋಗಬಹುದು. ಸುಟ್ಟ ಜಾಗದ ಮೇಲಿನ ಹೆಪ್ಪಿನ ಚೂರು, ಕರಟಿದ ಕಣ, ನಳಿಕೆಯಲ್ಲಿ ಸೇರಿದ ಗಾಳಿಗುಳ್ಳೆ, ಎಲ್ಲಕ್ಕೂ ಅದೇ ದಾರಿ.

ಮೆಲ್ಬರ್ನಿನಲ್ಲಿ 150 ಜನರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಯಲ್ಲಿ ಮತ್ತೆಮತ್ತೆ ಬರುತ್ತದೆ. ಆಗಾಗ ಬಂದುಹೋಗುವ ಲಯತಪ್ಪಿಗೆ ಅಬ್ಲೇಷನ್ ಮಾಡಿಸಿಕೊಂಡವರಲ್ಲಿ ಎರಡನೇ ದಿನ ಶೇ. 28 ಜನರಿಗೆ ನೆನಪು–ಗಮನದ ಸೂಕ್ಷ್ಮ ಪರೀಕ್ಷೆಗಳಲ್ಲಿ ಕುಸಿತ ಕಂಡಿತು. ಮೂರು ತಿಂಗಳಿಗೆ ಅದು ಶೇ. 13ಕ್ಕೆ ಇಳಿಯಿತು. ಬಿಡದೆ ಉಳಿದಿರುವ ಲಯತಪ್ಪಿನವರಲ್ಲಿ ಮೂರು ತಿಂಗಳ ಮೇಲೂ ಶೇ. 20 ಇತ್ತು. ಅಬ್ಲೇಷನ್ನಿಗೆ ಸರದಿ ಕಾಯುತ್ತ ಕೂತವರಲ್ಲಿ ಸೊನ್ನೆ. ಎಡ ಹೃತ್ಕರ್ಣದಲ್ಲಿ ಉಪಕರಣ ಹೆಚ್ಚು ಹೊತ್ತು ಇದ್ದಷ್ಟೂ ಕುಸಿತ ಹೆಚ್ಚು. ಈ ಅಂಕಿಗಳನ್ನು ನಾನು ಅಮ್ಮನಿಂದ ಮುಚ್ಚಿಡಲಿಲ್ಲ. ಅವಳು ಪೆನ್ಸಿಲಿನಲ್ಲಿ ಬರೆದುಕೊಂಡು, "ಹಾಗಾದರೆ ನೂರರಲ್ಲಿ ಎಂಬತ್ತೇಳು ಜನರಿಗೆ ಏನೂ ಆಗಲಿಲ್ಲ" ಎಂದಳು. ಅದೂ ನಿಜವೇ.

ಎದುರುಗಡೆ ಇಡಬೇಕಾದದ್ದು ಐದು ವರ್ಷದ ನಂತರ, 2018ರಲ್ಲಿ ಬಂದ ಅಕ್ಸಾಫಾ ಪ್ರಯೋಗವನ್ನು. ಯುರೋಪ್ ಮತ್ತು ಅಮೆರಿಕದ 600ಕ್ಕೂ ಹೆಚ್ಚು ಜನರಿಗೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸದೆ ಅಬ್ಲೇಷನ್ ಮಾಡಿದರು. ಎಂಆರ್‌ಐ ತೆಗೆದವರಲ್ಲಿ ನಾಲ್ವರಿಗೊಬ್ಬರ ಮಿದುಳಿನಲ್ಲಿ ಹೊಸ ಚುಕ್ಕೆಗಳು ಕಂಡವು. ಆದರೂ ಮೂರು ತಿಂಗಳ ನಂತರ ಮೋಕಾ ಎಂಬ ಮೂವತ್ತು ಅಂಕದ ಪರೀಕ್ಷೆಯಲ್ಲಿ ಅಂಕ ಇಳಿಯಲಿಲ್ಲ, ಸುಮಾರು ಒಂದು ಅಂಕ ಏರಿತು.

ಒಂದು ಕಡೆ ಕುಸಿತ, ಇನ್ನೊಂದು ಕಡೆ ಏರಿಕೆ. ಮೆಲ್ಬರ್ನಿನ ಪರೀಕ್ಷೆಗಳು ಚಿನ್ನದಂಗಡಿಯ ತಕ್ಕಡಿಯಾದರೆ ಮೋಕಾ ಕಿರಾಣಿ ಅಂಗಡಿಯದು, ಸಣ್ಣ ಕೊರತೆ ಅದರಲ್ಲಿ ತೂಗುವುದಿಲ್ಲ. ಒಂದೇ ಪರೀಕ್ಷೆಯನ್ನು ಎರಡನೇ ಸಲ ಬರೆದಾಗ ಯಾರಿಗಾದರೂ ಒಂದಂಕ ಹೆಚ್ಚು ಬಂದೀತು. ಜೊತೆಗೆ, ಮಾತ್ರೆ ನಿಲ್ಲಿಸದೆ, ಹೆಪಾರಿನ್ (ಹೆಪ್ಪು ತಡೆಯುವ ಚುಚ್ಚುಮದ್ದು) ಸರಿಯಾಗಿ ಕೊಟ್ಟು ಮಾಡುವ ಪದ್ಧತಿ ಅಷ್ಟರಲ್ಲಿ ಗಟ್ಟಿಯಾಗಿತ್ತು. ನಾನು ಎರಡನ್ನೂ ನಂಬುತ್ತೇನೆ. ಕೆಲವರಿಗೆ ಕೆಲವು ವಾರ–ತಿಂಗಳು ನಯವಾದ ಕೊರತೆ ಉಳಿಯುತ್ತದೆ, ಹೆಚ್ಚಿನವರಿಗೆ ದಿನಬಳಕೆಯಲ್ಲಿ ಗೊತ್ತಾಗುವಂಥದ್ದೇನೂ ಇರುವುದಿಲ್ಲ. ಎಂಆರ್‌ಐಯ ಚುಕ್ಕೆಗಳಲ್ಲೂ ಬಹುಪಾಲು ಮುಂದಿನ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಅಬ್ಲೇಷನ್ ವೇಳೆ ನಿಜವಾದ ಲಕ್ವ ಆಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಇನ್ನು, "ಅಬ್ಲೇಷನ್ ಮಾಡಿಸಿದರೆ ಮುಂದೆ ಮರೆವು ಬರುವುದಿಲ್ಲ" ಎಂಬ ಜಾಹೀರಾತಿನ ಧಾಟಿಯ ಮಾತನ್ನೂ ಕೇಳಿದ್ದೇನೆ. ಕೊರಿಯಾದ ದಾಖಲೆಗಳಲ್ಲಿ ಅಬ್ಲೇಷನ್ ಆದವರಿಗೆ ಡಿಮೆನ್ಷಿಯಾ ಶೇ. 27ರಷ್ಟು ಕಡಿಮೆ ಬಂದದ್ದು ನಿಜ. ಆದರೆ ಯಾರನ್ನು ಅಬ್ಲೇಷನ್ನಿಗೆ ಕಳುಹಿಸುತ್ತಾರೆ? ಓಡಾಡಿಕೊಂಡು ಗಟ್ಟಿಮುಟ್ಟಾಗಿರುವವರನ್ನು. ಚೀಟಿ ಎತ್ತಿದಂತೆ ಗುಂಪು ಮಾಡಿ 2789 ಜನರ ಮೇಲೆ ನಡೆಸಿದ ಈಸ್ಟ್ ಪ್ರಯೋಗದಲ್ಲಿ, ಕಾಯಿಲೆ ಪತ್ತೆಯಾದ ಒಂದು ವರ್ಷದೊಳಗೆ ಮಾತ್ರೆಯಿಂದಲೋ ಅಬ್ಲೇಷನ್ನಿಂದಲೋ ಲಯ ಸರಿಪಡಿಸಿದವರಿಗೆ ಲಕ್ವ, ಹೃದಯದ ತೊಂದರೆಗಳು ಕಡಿಮೆಯಾದವು. ಮೋಕಾ ಅಂಕ ಮಾತ್ರ ಎರಡು ವರ್ಷದ ಮೇಲೂ ಎರಡೂ ಗುಂಪಿನಲ್ಲಿ ಒಂದೇ.

ಹಾಗಾಗಿ ಅಬ್ಲೇಷನ್ ಮಾಡಿಸುವುದಿದ್ದರೆ ಡವಡವ, ಸುಸ್ತು, ಏದುಸಿರು ತಾಳಲಾರದೆ ಮಾಡಿಸಬೇಕು. ನೆನಪು ಉಳಿಸಿಕೊಳ್ಳಲೆಂದು ಮಾಡಿಸಬೇಕಾಗಿಲ್ಲ, ನೆನಪು ಹೋದೀತೆಂದು ಬಿಡಬೇಕಾಗಿಯೂ ಇಲ್ಲ.

ಸುಡುವುದೋ, ಮರಗಟ್ಟಿಸುವುದೋ, ಮಿಂಚೋ?

ರೇಡಿಯೋ ತರಂಗದ ಬಿಸಿಯಿಂದ ಸುಡುವುದು ಹಳೆಯದು, ಬಲೂನಿನಲ್ಲಿ ಅತಿಶೀತದಿಂದ ಮರಗಟ್ಟಿಸುವ ಕ್ರಯೋ ಆಮೇಲಿನದು. 2011ರ ಒಂದು ಸಣ್ಣ ಹೋಲಿಕೆಯಲ್ಲಿ ನೀರು ಹಾಯಿಸಿ ತಂಪಾಗಿಡುವ ರೇಡಿಯೋ ಕ್ಯಾತಿಟರಿನಲ್ಲಿ ಸುಮಾರು ಶೇ. 7, ಕ್ರಯೋದಲ್ಲಿ ಶೇ. 4 ಜನರಿಗೆ ಎಂಆರ್‌ಐ ಚುಕ್ಕೆ ಕಂಡರೆ, ಆಗಿನ ಇನ್ನೊಂದು ಬಹುವಿದ್ಯುದ್ವಾರದ ಕ್ಯಾತಿಟರಿನಲ್ಲಿ ಸುಮಾರು ಶೇ. 38 ಜನರಿಗೆ ಕಂಡಿತು. ಮುಂದೆ ಅದರ ವಿನ್ಯಾಸವನ್ನೇ ಬದಲಿಸಬೇಕಾಯಿತು. ಉಪಕರಣದಿಂದ ಉಪಕರಣಕ್ಕೆ ಇಷ್ಟು ಅಂತರ ಇರುತ್ತದೆ ಎಂಬುದಕ್ಕೆ ಈ ಅಂಕಿ ಹೇಳಿದೆ. ಸ್ಕ್ಯಾನ್ ಎಷ್ಟು ಸೂಕ್ಷ್ಮವಾದದ್ದು ಎಂಬುದರ ಮೇಲೂ ಚುಕ್ಕೆಯ ಲೆಕ್ಕ ಬದಲಾಗುತ್ತದೆ, ಅಕ್ಸಾಫಾದ ನಾಲ್ಕನೇ ಒಂದು ಭಾಗವನ್ನು ಇದರ ಪಕ್ಕಕ್ಕಿಟ್ಟು ಅಳೆಯಬಾರದು.

ಈಚೆಗೆ ಭಾರತಕ್ಕೂ ಬಂದಿರುವುದು ಪಲ್ಸ್ಡ್ ಫೀಲ್ಡ್, ಬಿಸಿಯಿಲ್ಲದೆ ಕ್ಷಣಾರ್ಧದ ವಿದ್ಯುತ್ ಮಿಡಿತಗಳಿಂದ ಕೆಲಸ ಮುಗಿಸುವಂಥದ್ದು. ಬೇಗ ಮುಗಿಯುತ್ತದೆ, ಅನ್ನನಾಳಕ್ಕೆ ಸುಟ್ಟಗಾಯದ ಭಯ ಕಡಿಮೆ. ಅದಕ್ಕಾಗಿ ಕೇಳಿ ಮಾಡಿಸಿಕೊಳ್ಳುವವರಿದ್ದಾರೆ. ಆದರೆ ಮಿದುಳಿನ ಲೆಕ್ಕದಲ್ಲಿ ಇದು ಗೆದ್ದಿದೆ ಎನ್ನುವ ಕಾಲ ಬಂದಿಲ್ಲ. ಇದರ ನಂತರದ ಎಂಆರ್‌ಐಗಳಲ್ಲೂ ಚುಕ್ಕೆಗಳು ಸಿಕ್ಕಿವೆ. 2025ರ ಜನವರಿಯಲ್ಲಿ ಒಂದು ಕಂಪನಿ ಲಕ್ವದಂಥ ಪ್ರಕರಣಗಳ ವರದಿ ಬಂದ ಮೇಲೆ ಅಮೆರಿಕದಲ್ಲಿ ತನ್ನ ಉಪಕರಣದ ಬಳಕೆಯನ್ನು ಕೆಲವು ವಾರ ತಡೆಹಿಡಿದಿತ್ತು. ಯಂತ್ರದ ಹೆಸರಿಗಿಂತ ಅದನ್ನು ಹಿಡಿದ ಕೈ ಎಷ್ಟು ಪಳಗಿದೆ ಎಂಬುದನ್ನು ನಾನಾದರೆ ಮೊದಲು ವಿಚಾರಿಸುತ್ತೇನೆ.

ಎಲ್ಲ ಅಬ್ಲೇಷನ್ನೂ ಒಂದಲ್ಲ

ಹರೆಯದವರಿಗೆ ಥಟ್ಟನೆ ಎದೆ ಓಡಲಾರಂಭಿಸುವ ಎಸ್‌ವಿಟಿಗೆ ಮಾಡುವ ಅಬ್ಲೇಷನ್ ಹೆಚ್ಚಾಗಿ ಹೃದಯದ ಬಲಭಾಗದಲ್ಲೇ ಮುಗಿಯುತ್ತದೆ. ಮೆಲ್ಬರ್ನಿನ ಅಧ್ಯಯನದಲ್ಲೂ ಅಂಥವರಲ್ಲಿ ಮೂರು ತಿಂಗಳಿಗೆ ಕುಸಿತ ಉಳಿದದ್ದು ಶೇ. 3 ಮಾತ್ರ. ಪೇಸ್‌ಮೇಕರಿನ ತಂತಿ ಕೂರುವುದೂ ಬಲಭಾಗದಲ್ಲೇ. ಬಡಿತ ತೀರಾ ನಿಧಾನವಾಗಿ ತಲೆಸುತ್ತಿ ಮಂಕಾಗಿರುವವರಿಗೆ ಅದನ್ನು ಹಾಕಿದ ಮೇಲೆ ಚುರುಕು ಮರಳುವುದನ್ನು ಮನೆಯವರೇ ನೋಡಬಹುದು. ಲಕ್ವ ತಡೆಯಲು ಹೃತ್ಕರ್ಣದ ಆ ಪುಟ್ಟ ಚೀಲದ ಬಾಯಿ ಮುಚ್ಚುವ ಸಾಧನ ಮಾತ್ರ ಎಡಕ್ಕೆ ದಾಟಿಯೇ ಕೂರಬೇಕು. ರಕ್ತಸ್ರಾವದ ಕಾರಣಕ್ಕೆ ಮಾತ್ರೆ ನುಂಗಲಾಗದವರ ದಾರಿ ಅದು.

ಆಸ್ಪತ್ರೆಯ ಎರಡನೇ ರಾತ್ರಿ

ಕಡೆಗೆ ಅಮ್ಮ ಅಬ್ಲೇಷನ್ ಮಾಡಿಸಿಕೊಂಡಳು. ಚೆನ್ನಾಗಿಯೇ ಆಯಿತು. ಎರಡನೇ ರಾತ್ರಿ ಒಂದೂವರೆಗೆ ಎದ್ದು ಕೂತು, "ಹಟ್ಟಿಯ ಬಾಗಿಲು ಹಾಕಿದೆಯೇನೋ? ಕರು ಬಿಚ್ಚಿಕೊಂಡಿದೆ" ಎಂದಳು. ನಮ್ಮ ಹಟ್ಟಿ ಕೆಡವಿ ಇಪ್ಪತ್ತು ವರ್ಷವಾಗಿತ್ತು. ಸೋದರಮಾವನ ಬೀಗರು ಕಣ್ಣಮುಂದೆ ಬಂದರು.

ಬೆಳಿಗ್ಗೆ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಡೆಲಿರಿಯಮ್. ಅರಿವಳಿಕೆ, ನಿದ್ದೆಗೇಡು, ಹೊಸ ಜಾಗ, ನೀರು ಕಡಿಮೆಯಾದದ್ದು, ಮೂತ್ರದ ಸೋಂಕು, ನಿದ್ದೆಮಾತ್ರೆ, ಇವುಗಳಲ್ಲಿ ಒಂದೆರಡು ಸೇರಿದರೂ ವಯಸ್ಸಾದವರಲ್ಲಿ ಯಾವ ಆಪರೇಷನ್ ಆದ ಮೇಲೂ ಹೀಗಾಗಬಹುದು. ಮೊಣಕಾಲಿನ ಆಪರೇಷನ್ನಿಗೂ ಆಗುತ್ತದೆ. ಬೀಗರಿಗೆ ಆದದ್ದೂ ಬಹುಶಃ ಇದೇ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಒಂದು ಕಡೆಯ ಕೈಕಾಲು ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಡೆಲಿರಿಯಮ್ ಎಂದು ಕೂರುವಂತಿಲ್ಲ, ಆ ಕ್ಷಣವೇ ಡಾಕ್ಟರನ್ನು ಕರೆಯಬೇಕು. ನಮಗೆ ಮೊದಲೇ ತಿಳಿದಿದ್ದರೆ ಅಮ್ಮನ ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಬ್ಯಾಗಿನಲ್ಲಿ ಭದ್ರವಾಗಿಟ್ಟು ಕೂರುತ್ತಿರಲಿಲ್ಲ. ಅವು ಕಣ್ಣು ಕಿವಿಯಲ್ಲಿರಬೇಕು, ಗೋಡೆಯ ಗಡಿಯಾರ ಕಾಣುವಂತಿರಬೇಕು, ರಾತ್ರಿ ಪಕ್ಕದಲ್ಲಿ ಪರಿಚಿತ ಮುಖ ಇರಬೇಕು.

ಡಾಕ್ಟರನ್ನು ಕೇಳಬೇಕಾದದ್ದು

ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸದೆ ಮಾಡುತ್ತೀರಾ? ಹೆಪಾರಿನ್ ಕೊಟ್ಟ ಮೇಲೆ ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 300 ಸೆಕೆಂಡಿಗಿಂತ ಮೇಲಿರುವಂತೆ ನೋಡಿಕೊಳ್ಳುತ್ತೀರಾ? ಪೂರ್ತಿ ಅರಿವಳಿಕೆಯೋ, ಮಂಪರೋ? ಮೂರನೆಯದಕ್ಕೆ ವಿವರವಾಗಿ ಉತ್ತರ ಬಂತು, ಎರಡನೆಯದನ್ನು ಕೇಳಿದಾಗ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ ನೋಡಿದರು.

ನಾಲ್ಕನೆಯದನ್ನು ಅವರೇ ಮೆಚ್ಚಿದರು: ಚಿಕಿತ್ಸೆಗೆ ಮೊದಲೇ ನೆನಪಿನ ಪರೀಕ್ಷೆ ಮಾಡಿಸಬಹುದೇ? ಮೊದಲಿನ ಅಂಕ ಇಲ್ಲದಿದ್ದರೆ ಆಮೇಲೆ ಕಡಿಮೆಯಾಯಿತೋ ಇಲ್ಲವೋ ಎಂದು ಯಾವ ಆಧಾರದಲ್ಲಿ ಹೇಳುವುದು? ಇಂಗ್ಲಿಷ್ ಬಾರದವರಿಗೂ ಅಡ್ಡಿಯಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ನೆನಪು–ಅರಿವಿನ ಪರೀಕ್ಷೆಗಳಲ್ಲಿ ಕನ್ನಡವೂ ಇದೆ, ಓದುಬರಹ ಬಾರದವರಿಗೆ ಬೇರೆ ಪ್ರಶ್ನೆಗಳೂ ಇವೆ. ಎರಡನೇ ಸಲ ಪರೀಕ್ಷೆ ಮಾಡಿಸುವುದು ಮೂರು ತಿಂಗಳ ನಂತರ. ಮೊದಲ ವಾರದ ಮಂಕನ್ನು ಅಳೆದು ಫಲವಿಲ್ಲ.

ಅಮ್ಮ ಎರಡು ಸಲವೂ ಕೂತಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರೆ ಅರವತ್ತೈದಕ್ಕೆ ನಿಲ್ಲಬೇಕು. ಪರೀಕ್ಷೆ ಮಾಡುತ್ತಿದ್ದ ಹುಡುಗಿ "ಸಾಕು ಅಮ್ಮಾ" ಎಂದರೂ ಕೇಳದೆ ಐವತ್ತೆಂಟು, ಐವತ್ತೊಂದು ಎಂದು ಇಳಿಯುತ್ತ ಎರಡಕ್ಕೆ ಬಂದೇ ನಿಂತಳು. ನೆನಪಿಟ್ಟುಕೊಂಡು ಹೇಳಬೇಕಾದ ಐದು ಪದಗಳಲ್ಲಿ ಮೊದಲ ಸಲ ನಾಲ್ಕು ಹೇಳಿದ್ದಳು. ಮೂರು ತಿಂಗಳ ನಂತರವೂ ನಾಲ್ಕೇ. ಐದನೆಯದು ಮನೆಯ ಗೇಟು ತೆಗೆಯುವಾಗ ನೆನಪಾಯಿತು. ವಾಪಸು ಹೋಗಿ ಹೇಳಿ ಬರೋಣವೇ ಎಂದು ಕೇಳಿದಳು.